ಹಾಲು ಕುಡಿದದ್ದು ಯಾರು? ಪುಟ್ಟ ಮಕ್ಕಳಿಗೆ ಪತ್ತೇದಾರಿ ಪಾಠ ಕಟ್ಟುವ ಬಗೆ

(ಅಂಗನವಾಡಿ ಕಾರ್ಯಕರ್ತೆಯರು, ನಲಿ-ಕಲಿ ಶಿಕ್ಷಕರು ಮತ್ತು ಪೋಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ರಾಜ, ರಾಣಿ, ಕಳ್ಳ, ಪೊಲೀಸ್ ಚೀಟಿ ಆಟ ನಿಮಗೆಲ್ಲ ಗೊತ್ತು. ನಾಲ್ಕು ಚೀಟಿ ಮಡಚಿ ಎಸೆಯುತ್ತೇವೆ. ಪೊಲೀಸ್ ಚೀಟಿ ಬಂದವರು ಉಳಿದವರ ಮುಖ ನೋಡಿ ಕಳ್ಳ ಯಾರೆಂದು ಹೇಳಬೇಕು. ಆಟ ಚೆನ್ನಾಗಿದೆ, ತಕರಾರಿಲ್ಲ. ಆದರೆ ಅಲ್ಲಿ ಸುಳಿವು ಅನ್ನುವುದು ಒಂದೂ ಇಲ್ಲ. ನಗು ತಡೆಯಲಾರದ ಮಗು ಪ್ರತಿ ಸಲವೂ ಸಿಕ್ಕಿಬೀಳುತ್ತದೆ, ಅಷ್ಟೆ. ಮಕ್ಕಳಿಗೆಂದು ನಾವು ಮಾಡುವ ಬಹಳಷ್ಟು ಡಿಟೆಕ್ಟಿವ್ ಚಟುವಟಿಕೆಗಳೂ ಒಳಗೊಳಗೆ ಈ ಚೀಟಿ ಆಟವೇ. ರಟ್ಟಿನ ಟೋಪಿ, ಕೈಗೊಂದು ಭೂತಗನ್ನಡಿ, ಆಮೇಲೆ ‘ಯಾರಿರಬಹುದು ಹೇಳಿ ನೋಡೋಣ!’ ಮೂವತ್ತು ಮಕ್ಕಳು ಮೂವತ್ತು ಹೆಸರು ಕೂಗುತ್ತಾರೆ, ಒಂದು ಸರಿಯಾಗುತ್ತದೆ, ಚಪ್ಪಾಳೆ ಬೀಳುತ್ತದೆ. ಉಳಿದ ಇಪ್ಪತ್ತೊಂಬತ್ತು ಮಕ್ಕಳಿಗೆ ತಾವು ಯಾಕೆ ತಪ್ಪಿದೆವು ಎಂಬುದೂ ತಿಳಿಯುವುದಿಲ್ಲ.

ಪತ್ತೇದಾರಿ ಚಟುವಟಿಕೆಯಲ್ಲಿ ಮಗುವಿನ ಕೆಲಸ ಹೆಸರು ಹೊಡೆದುಹಾಕುವುದು. ಆರು ಮಂದಿ ಇದ್ದಾರೆ. ಇವರು ಮಾಡಿರಲಾರರು, ಯಾಕಂದರೆ ಹೀಗಿದೆ. ಅವರೂ ಮಾಡಿರಲಾರರು, ಯಾಕಂದರೆ ಹಾಗಿದೆ. ಹೀಗೆ ಒಂದೊಂದೇ ಹೆಸರು ಹೊಡೆಯುತ್ತ ಬಂದರೆ ಕೊನೆಗೆ ಉಳಿದದ್ದು ಉತ್ತರ. ನಿಮ್ಮ ಚಟುವಟಿಕೆ ಚೆನ್ನಾಗಿ ನಡೆಯಿತೇ ಎಂದು ತಿಳಿಯಲು ಬೇರೆ ಅಂಕಪಟ್ಟಿ ಬೇಡ. ‘ಯಾಕಂದ್ರೆ’ ಎಂಬ ಮಾತು ಮಕ್ಕಳ ಬಾಯಲ್ಲಿ ಎಷ್ಟು ಸಲ ಬಂತು ಎಣಿಸಿ.

ಸಲಕರಣೆಗೆ ಹೋಗುವ ಮೊದಲು ‘ಕಳ್ಳ’ನ ವಿಚಾರ ಮುಗಿಸಿಬಿಡೋಣ. ಯಾವ ಮಗುವನ್ನೂ, ಆಟಕ್ಕಾದರೂ ಸರಿ, ಕಳ್ಳನ ಜಾಗದಲ್ಲಿ ನಿಲ್ಲಿಸಬೇಡಿ. ತರಗತಿಯಲ್ಲಿ ಅಂಟಿದ ಹೆಸರು ಊಟದ ಬಿಡುವಿಗೆ ಅಂಗಳಕ್ಕೆ, ಸಂಜೆಗೆ ಓಣಿಗೆ ಹೋಗಿರುತ್ತದೆ. ನಿಜಕ್ಕೂ ಯಾರದೋ ಪೆನ್ಸಿಲ್ ಡಬ್ಬಿ ಕಳೆದುಹೋದ ದಿನ ಈ ಚಟುವಟಿಕೆ ಮುಟ್ಟಲೇಬೇಡಿ. ಬಿಸಿಯೂಟ ಮಾಡುವ ಅಮ್ಮ, ಆಯಾ, ಕಾವಲುಗಾರ ಇವರನ್ನು ಅನುಮಾನದ ಪಟ್ಟಿಗೆ ಹಾಕುವುದಂತೂ ಕೂಡದು. ಯಾರ ಮೇಲೆ ಅನುಮಾನ ಪಟ್ಟರೆ ನಡೆಯುತ್ತದೆ ಎಂಬುದನ್ನು ಮಕ್ಕಳು ನಮ್ಮಿಂದ ಬಹಳ ಬೇಗ ಕಲಿಯುತ್ತಾರೆ. ಪ್ರಾಣಿ, ಪುಡಿ, ಪೆನ್ನು, ಎಲೆ ಇವೇ ನಮ್ಮ ಶಂಕಿತರು. ಇವುಗಳ ಮನೆಯವರು ಜಗಳಕ್ಕೆ ಬರುವುದಿಲ್ಲ.

ಈಗ ಒಂದು ಪ್ರಕರಣವನ್ನು ಪೂರ್ತಿ ಬಿಚ್ಚಿ ನೋಡೋಣ. ಒಂದನೆಯ, ಎರಡನೆಯ ತರಗತಿಯ ಮಕ್ಕಳಿಗೆ, 40 ನಿಮಿಷದ್ದು. ಹೆಸರು ‘ಹಾಲು ಕುಡಿದದ್ದು ಯಾರು?’ ಕಥೆಯಲ್ಲಿ ಹಾಲು ಖಾಲಿಯಾಗಿದೆ; ತಟ್ಟೆಯಲ್ಲಿ ಹರಡಿದ ಮಣ್ಣಿನ ಮೇಲೆ ಕುಡಿದವರ ಹೆಜ್ಜೆಯನ್ನು ನಾವು ಮೊದಲೇ ಮೂಡಿಸಿಟ್ಟಿರುತ್ತೇವೆ.

ಶಂಕಿತರು ಆರು: ಕಾಗೆ, ಮೇಕೆ, ಅಳಿಲು, ಕೋತಿ, ಬೆಕ್ಕು, ನಾಯಿಮರಿ. ಹಾಲು ಎಂದ ಕೂಡಲೇ ತರಗತಿ ಒಂದೇ ಕಂಠದಲ್ಲಿ ‘ಬೆಕ್ಕು!’ ಎನ್ನುತ್ತದೆ. ಅದಕ್ಕೇ ಇಲ್ಲಿ ಉತ್ತರ ನಾಯಿಮರಿ. ಮೊದಲ ಊಹೆಯೇ ನಿಜವಾಗುವಂತೆ ಕಥೆ ಕಟ್ಟಿದರೆ ಮುಂದಿನ ಅರ್ಧ ಗಂಟೆ ಮಕ್ಕಳು ಸುಳಿವು ನೋಡುವುದಿಲ್ಲ, ‘ನಾನು ಆಗಲೇ ಹೇಳಿದ್ನಲ್ಲ ಮಿಸ್’ ಎನ್ನುತ್ತ ಕೂರುತ್ತಾರೆ.

ತಯಾರಿ ಕೊನೆಯಿಂದ ಮೊದಲಿಗೆ ಬರಬೇಕು. ಒಂದು ಹಾಳೆಯಲ್ಲಿ ಆರು ಪ್ರಾಣಿಗಳನ್ನು ಕೆಳಗೆ ಕೆಳಗೆ ಬರೆಯಿರಿ, ಅಡ್ಡಕ್ಕೆ ಸುಳಿವುಗಳನ್ನು ಬರೆಯಿರಿ. ಪ್ರತಿ ಸುಳಿವಿನ ಕೆಳಗೆ ಅದರಿಂದ ಹೊರಗೆ ಹೋಗುವವರ ಎದುರು ಅಡ್ಡಗೆರೆ ಹಾಕಿ. ಈ ಹಾಳೆ ಮಾಡದೆ ತರಗತಿಗೆ ಹೋದರೆ ಏನಾಗುತ್ತದೆ ಗೊತ್ತೇ? ‘ಅದಕ್ಕೆ ಬಾಲ ಇದೆ’ ಎಂಬಂಥ ಸುಳಿವು ಒಳಗೆ ನುಸುಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಆರಕ್ಕೆ ಆರೂ ಬಾಲ ಇರುವವೇ! ಒಬ್ಬರೂ ಹೊರಗೆ ಹೋಗಲಿಲ್ಲ. ‘ಅದಕ್ಕೆ ಮರ ಹತ್ತಲು ಬರುವುದಿಲ್ಲ’ ಎಂದರೆ ಇನ್ನೊಂದು ಬಗೆಯ ಎಡವಟ್ಟು: ಬೆಕ್ಕು ಮೊದಲ ಸುಳಿವಿಗೇ ಹೊರಬಿದ್ದು ಆಟದ ರಸವೇ ಹೋಗುತ್ತದೆ. ಒಂದು ಸುಳಿವಿಗೆ ಒಬ್ಬಿಬ್ಬರು ಹೋಗಬೇಕು, ಬೆಕ್ಕು ಮತ್ತು ನಾಯಿ ಕೊನೆಯವರೆಗೂ ಉಳಿಯಬೇಕು.

ಮೊದಲ ಸುಳಿವು ಹೆಜ್ಜೆಯ ಆಕಾರ. ಹೆಜ್ಜೆಯಲ್ಲಿ ಮೆತ್ತೆಯ ಗುರುತು ಇದೆ. ಕಾಗೆಯದು ಮುಂದೆ ಮೂರು, ಹಿಂದೆ ಒಂದು ಬೆರಳಿನ ಗೆರೆಗಳು. ಮೇಕೆಯದು ಸೀಳಿದ ಗೊರಸು. ಇಬ್ಬರೂ ಹೊರಗೆ. ಎರಡನೆಯದು ಅಳತೆ. ಹೆಜ್ಜೆಯ ಅಗಲ ಮಗುವಿನ ಮೂರು ಬೆರಳಿನಷ್ಟು, ಸುಮಾರು ಮೂರೂವರೆ ಸೆಂಟಿಮೀಟರ್. ಅಳಿಲಿನ ಪಾದ ಅದಕ್ಕಿಂತ ಎಷ್ಟೋ ಸಣ್ಣದು, ಕೋತಿಯ ಪಾದ ಎಷ್ಟೋ ಉದ್ದ. ಒಂದು ತೀರಾ ಚಿಕ್ಕದೆಂದು, ಒಂದು ತೀರಾ ದೊಡ್ಡದೆಂದು ಎರಡೂ ಕಡೆಯಿಂದ ಹೊರಗೆ. ಶಂಕಿತರ ಕಾರ್ಡಿನಲ್ಲಿ ನಾಯಿ ಎಂದು ಬರೆಯದೆ ನಾಯಿಮರಿ ಎಂದು ಬರೆದದ್ದು ಈ ಕಾರಣಕ್ಕೆ. ದೊಡ್ಡ ನಾಯಿಯಾದರೆ ಅಳತೆಯಲ್ಲೇ ಬೆಕ್ಕು ಬೇರೆಯಾಗಿಬಿಡುತ್ತದೆ.

ಮೂರನೆಯದು ಓದು. ಒಂದು ಚೀಟಿಯಲ್ಲಿ ಎರಡು ಸಾಲು: ‘ಬೆಕ್ಕು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುತ್ತದೆ. ನಾಯಿಗೆ ಹಾಗೆ ಮಾಡಲು ಬರುವುದಿಲ್ಲ.’ ಚೀಟಿಯಲ್ಲಿ ಇಷ್ಟೇ ಇರಲಿ. ‘ಹೋಗಿ ಉಗುರು ನೋಡಿ’ ಎಂದು ಬರೆಯಬೇಡಿ. ಓದಿದ ಮಕ್ಕಳು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಯಾರೋ ಒಬ್ಬರು ಮಣ್ಣಿನ ತಟ್ಟೆಯ ಕಡೆ ಓಡುತ್ತಾರೆ. ಉಗುರಿನ ಚುಕ್ಕಿಗಳು ಮೊದಲಿನಿಂದಲೂ ಅಲ್ಲೇ ಇದ್ದವು, ಎಲ್ಲರೂ ನೋಡಿದ್ದರು. ಅದಕ್ಕೆ ಅರ್ಥ ಬಂದದ್ದು ಈಗ. ಈ ಒಂದು ಓಟಕ್ಕಾಗಿ ನಾವು ಇಷ್ಟೆಲ್ಲ ತಯಾರಿ ಮಾಡುವುದು.

ಹೆಜ್ಜೆಯ ಅಚ್ಚಿಗೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಸಾಕು. ಅದರಿಂದ ಒಂದೂವರೆ ಸೆಂಟಿಮೀಟರ್ ಅಗಲದ, ಮೂಲೆ ಮೊಂಡಾದ ತ್ರಿಕೋನ ಒಂದು, ಹುಣಸೆಬೀಜಕ್ಕಿಂತ ಚಿಕ್ಕ ಅಂಡಾಕಾರದ ತುಂಡು ನಾಲ್ಕು ಕತ್ತರಿಸಿ ದಪ್ಪ ರಟ್ಟಿಗೆ ಅಂಟಿಸಿ. ತ್ರಿಕೋನ ಹಿಂದೆ, ನಾಲ್ಕು ತುಂಡು ಮುಂದೆ ಕಮಾನಿನಂತೆ. ಉಗುರನ್ನು ಅಚ್ಚಿನಲ್ಲೇ ಮಾಡಲು ಹೋಗಬೇಡಿ, ಅಷ್ಟು ಸಣ್ಣದು ಮೂಡುವುದಿಲ್ಲ. ಹೆಜ್ಜೆ ಒತ್ತಿದ ಮೇಲೆ ಪ್ರತಿ ಬೆರಳಿನ ಮುಂದೆ ಊದಿನಕಡ್ಡಿಯ ಹಿಡಿಯಿಂದ ಒಂದೊಂದು ಚುಕ್ಕಿ ಚುಚ್ಚಿ. ಅಟ್ಟೆ ಕತ್ತರಿಸುವುದು ದೊಡ್ಡವರ ಕೆಲಸ, ಬ್ಲೇಡು ಜಾರುತ್ತದೆ.

ತಟ್ಟೆಗೆ ಜರಡಿ ಹಿಡಿದ ಕೆಮ್ಮಣ್ಣು, ಎರಡು ಸೆಂಟಿಮೀಟರ್ ದಪ್ಪಕ್ಕೆ. ತೇವ ಎಷ್ಟಿರಬೇಕು ಎಂದರೆ, ಹಿಡಿಯಲ್ಲಿ ಹಿಚುಕಿದರೆ ಉಂಡೆಯಾಗಬೇಕು, ಬೆರಳಿನಿಂದ ತಿವಿದರೆ ಒಡೆಯಬೇಕು. ಒಣಗಿದ್ದರೆ ಉಗುರಿನ ಗುರುತು ಮೊದಲು ಕುಸಿದು ಮುಚ್ಚಿಹೋಗುತ್ತದೆ. ಆಗ ಸುಳಿವಿನ ಪ್ರಕಾರ ಅದು ಬೆಕ್ಕೇ ಆಗುತ್ತದೆ, ಮಕ್ಕಳದ್ದು ತಪ್ಪಿಲ್ಲ! ನೀರು ಹೆಚ್ಚಾದರೆ ಮಣ್ಣು ಅಚ್ಚಿಗೇ ಅಂಟಿ ಎದ್ದು ಬರುತ್ತದೆ. ಬೆಳಿಗ್ಗೆ ಎಂಟಕ್ಕೆ ಮಾಡಿಟ್ಟ ತಟ್ಟೆ ಬೇಸಿಗೆಯಲ್ಲಿ ಹನ್ನೊಂದಕ್ಕೆ ಬಿರುಕು ಬಿಟ್ಟಿರುತ್ತದೆ, ಆದ್ದರಿಂದ ಮೇಲೆ ಒದ್ದೆ ಬಟ್ಟೆಯನ್ನು ಮಣ್ಣಿಗೆ ತಾಕದಂತೆ ಹೊದಿಸಿಡಿ. ಕೆಲವರು ಮಣ್ಣಿನ ಬದಲು ರಾಗಿ ಹಿಟ್ಟು ಹರಡುತ್ತಾರೆ. ಗುರುತು ಸೊಗಸಾಗಿ ಬೀಳುತ್ತದೆ, ನಿಜ. ಆದರೆ ತಿನ್ನುವ ಹಿಟ್ಟನ್ನು ನೆಲಕ್ಕೆ ಸುರಿಯುವುದು ನಮ್ಮ ಮಕ್ಕಳ ಮುಂದೆ ಮಾಡುವ ಕೆಲಸವಲ್ಲ. ಇರುವೆಯ ಕಾಟ ಬೇರೆ.

ತರಗತಿಯಲ್ಲಿ ನಡೆಸುವಾಗ ಆರಾರು ಮಕ್ಕಳ ಐದು ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದೊಂದು ತಟ್ಟೆ ಕೊಡಿ. ಒಂದೇ ತಟ್ಟೆ ಇಟ್ಟು ಗುಂಪುಗಳನ್ನು ಸರದಿಯಲ್ಲಿ ಕಳುಹಿಸಿದರೆ ಮೊದಲ ಗುಂಪು ‘ನಾಯಿಮರೀ!’ ಎಂದು ಕೂಗುವ ಹೊತ್ತಿಗೆ ಐದನೆಯ ಗುಂಪು ಇನ್ನೂ ತಟ್ಟೆಯ ಮುಖ ನೋಡಿರುವುದಿಲ್ಲ. ಸುಳಿವುಗಳನ್ನು ಒಟ್ಟಿಗೆ ಕೊಡದೆ, ಎಲ್ಲ ಗುಂಪಿಗೂ ಒಂದೇ ಹೊತ್ತಿಗೆ ಒಂದೊಂದಾಗಿ ಬಿಡಿ. ಒಂದೊಂದಕ್ಕೆ ಏಳೆಂಟು ನಿಮಿಷ. ಹೆಸರು ಹೊಡೆಯುವ ಮುನ್ನ ಗುಂಪಿನ ಒಬ್ಬರು ಎದ್ದು ‘ಮೇಕೆ ಅಲ್ಲ, ಯಾಕಂದ್ರೆ…’ ಎಂದು ಪೂರ್ತಿ ವಾಕ್ಯ ಹೇಳಬೇಕು. ಪ್ರತಿ ಸುಳಿವಿಗೂ ಹೇಳುವವರು ಬದಲಾಗಬೇಕು. ಇಲ್ಲದಿದ್ದರೆ ಪ್ರತಿ ಗುಂಪಿನಲ್ಲೂ ಒಬ್ಬ ಜೋರು ಮಗು ಇರುತ್ತದೆ, ಉಳಿದ ಐವರು ಅದರ ಹಿಂದೆ ತಲೆಯಾಡಿಸುತ್ತಾರೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯಲ್ಲಿ ಒಂದರಿಂದ ಮೂರನೆಯ ತರಗತಿಯವರು ಒಟ್ಟಿಗೆ ಕೂರುವುದು ನಿಮಗೆ ಗೊತ್ತೇ ಇದೆ. ಈ ಚಟುವಟಿಕೆಗೆ ಅದು ಅನುಕೂಲ. ಮೂರನೆಯವರು ಚೀಟಿ ಓದಲಿ, ಎರಡನೆಯವರು ಅಳೆಯಲಿ, ಒಂದನೆಯವರು ಆಕಾರ ನೋಡಿ ಚಿತ್ರ ಬರೆಯಲಿ. ಅಂಗನವಾಡಿಗಾದರೆ ಮೂವರು ಶಂಕಿತರು, ಎರಡು ಸುಳಿವು, 15 ನಿಮಿಷ. ಅದಕ್ಕಿಂತ ಎಳೆದರೆ ಮಕ್ಕಳು ಮಣ್ಣಿನಲ್ಲಿ ಆಡಲು ಶುರುಮಾಡುತ್ತಾರೆ, ಅದೂ ಒಳ್ಳೆಯ ಚಟುವಟಿಕೆಯೇ, ಆದರೆ ಬೇರೆಯದು.

ಭೂತಗನ್ನಡಿಯ ಬಗ್ಗೆ ಒಂದು ಮಾತು. ಮಕ್ಕಳು ಅದನ್ನು ತೋಳು ಚಾಚಿ ಹಿಡಿದು ದೂರದ ಮರ ನೋಡಿ ‘ಮಿಸ್, ತಲೆಕೆಳಗೆ ಕಾಣ್ತಿದೆ’ ಎನ್ನುತ್ತಾರೆ. ಗಾಜು ಕೆಟ್ಟಿಲ್ಲ; ವಸ್ತು ಅದರ ನಾಭಿದೂರಕ್ಕಿಂತ (ಗಾಜಿನಿಂದ ಬಿಸಿಲು ಒಂದೇ ಚುಕ್ಕಿಯಾಗಿ ಕೂಡುವ ಜಾಗದವರೆಗಿನ ದೂರ) ಆಚೆ ಇದ್ದರೆ ಹಾಗೇ ಕಾಣುವುದು. ಗಾಜನ್ನು ಕಣ್ಣಿನ ಹತ್ತಿರ ಹಿಡಿದು, ನೋಡಬೇಕಾದ ವಸ್ತುವನ್ನು ಮೆಲ್ಲಗೆ ಹತ್ತಿರ ತರಲು ಹೇಳಿಕೊಡಿ. ಬಿಸಿಲಿಗೆ ಒಯ್ಯುವ ದಿನ ಎಣಿಸಿ ಕೊಟ್ಟು ಎಣಿಸಿ ಇಸಿದುಕೊಳ್ಳಿ. ಗಾಜಿನಲ್ಲಿ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ, ಕಾಗದದ ಮೇಲೆ ಹಿಡಿದರೆ ಹೊಗೆಯಾಡುತ್ತದೆ.

ಬೆರಳಚ್ಚಿಗೆ ಬರೋಣ. ಪತ್ತೇದಾರಿಕೆ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಇದೇ, ಹೆಚ್ಚು ಕೆಡುವುದೂ ಇದೇ. ಸುಲಭದ ವಿಧಾನ ಹೇಳುತ್ತೇವೆ. ಬಿಳಿ ಕಾಗದದ ಮೇಲೆ ಮೂರು ಸೆಂಟಿಮೀಟರ್ ಚೌಕಕ್ಕೆ ಪೆನ್ಸಿಲ್ ಚೆನ್ನಾಗಿ ಉಜ್ಜಿ ಕಪ್ಪು ಮಾಡಿ. 4ಬಿ ಪೆನ್ಸಿಲ್ ಆದರೆ ಬೇಗ ಆಗುತ್ತದೆ. ಬೆರಳಿನ ತುದಿಯನ್ನು ಅದಕ್ಕೆ ಒತ್ತಿ ಕಪ್ಪು ಹಿಡಿಸಿ. ಆ ಬೆರಳಿಗೆ ಸೆಲ್ಲೋ ಟೇಪಿನ ತುಂಡು ಅಂಟಿಸಿ, ಒಮ್ಮೆ ಅದುಮಿ, ನಿಧಾನ ಎಬ್ಬಿಸಿ ಬಿಳಿ ಹಾಳೆಗೆ ಅಂಟಿಸಿ. ಗೆರೆಗಳು ಎಷ್ಟು ಸ್ಪಷ್ಟ ಎಂದರೆ ಭೂತಗನ್ನಡಿಯೇ ಬೇಡ. ಕೈ ಒದ್ದೆಯಿದ್ದರೆ, ಎಣ್ಣೆಯಿದ್ದರೆ ಟೇಪು ಹಿಡಿಯುವುದಿಲ್ಲ. ಊಟ ಮಾಡಿ ಕೈ ತೊಳೆದು ಬಂದ ತಕ್ಷಣ ಇದನ್ನು ಶುರುಮಾಡಬೇಡಿ.

ಅನುಭವಸ್ಥ ಶಿಕ್ಷಕರೂ ಎಡವುವ ಜಾಗ ಮುಂದಿನದು. ಟೇಪಿನಲ್ಲಿ ತೆಗೆದ ಗುರುತಿನ ಜೊತೆ ಇಂಕ್ ಪ್ಯಾಡಿನಲ್ಲಿ ಒತ್ತಿದ ಗುರುತನ್ನು ಹೋಲಿಸಲು ಕೊಟ್ಟರೆ ಅವು ಎಂದೂ ಹೊಂದುವುದಿಲ್ಲ. ಕಾಗದಕ್ಕೆ ಒತ್ತಿದ್ದು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರುತ್ತದೆ. ಟೇಪನ್ನು ನಾವು ಅದರ ಬೆನ್ನಿನ ಕಡೆಯಿಂದ ನೋಡುವುದರಿಂದ ಅದು ಬೆರಳಿನಲ್ಲಿ ಹೇಗಿದೆಯೋ ಹಾಗೇ ಕಾಣುತ್ತದೆ. ಬಲಕ್ಕೆ ವಾಲಿದ ಕುಣಿಕೆ ಒಂದರಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ! ಎರಡಕ್ಕೂ ಒಂದೇ ವಿಧಾನ ಇಟ್ಟುಕೊಳ್ಳಿ.

ಗುರುತುಗಳನ್ನು ಮೂರು ಗುಂಪಾಗಿ ವಿಂಗಡಿಸಿದರೆ ಸಾಕು: ಕುಣಿಕೆ, ಸುರುಳಿ, ಕಮಾನು. ಕುಣಿಕೆ ಎಲ್ಲಕ್ಕಿಂತ ಹೆಚ್ಚು ಸಿಗುತ್ತದೆ, ಕಮಾನು ಬಲು ಅಪರೂಪ. ಗೋಡೆಯ ಮೇಲೆ ಮೂರು ಕಂಬ ಎಬ್ಬಿಸಿ ಮಕ್ಕಳ ಹೆಬ್ಬೆರಳಿನ ಗುರುತುಗಳನ್ನು ಒಂದರ ಮೇಲೊಂದು ಅಂಟಿಸುತ್ತ ಹೋದರೆ ಅದೇ ಅವರ ಮೊದಲ ಸ್ತಂಭಾಲೇಖ. ಮನೆಯಲ್ಲಿ ಅಜ್ಜಿಯರು ಸುರುಳಿಯನ್ನು ಚಕ್ರ ಎನ್ನುತ್ತಾರೆ, ಹತ್ತೂ ಚಕ್ರ ಇದ್ದರೆ ಹಾಗಂತೆ ಹೀಗಂತೆ ಎನ್ನುತ್ತಾರೆ. ಹೆಸರು ಇರಲಿ, ಭವಿಷ್ಯ ಬೇಡ. ಮಕ್ಕಳು ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಇಡುವುದನ್ನು ನೋಡಿರುತ್ತಾರೆ, ದುಡಿದು ಗೆರೆ ಸವೆದ ಅಜ್ಜನ ಬೆರಳು ಯಂತ್ರಕ್ಕೆ ಹಿಡಿಸದೆ ಮತ್ತೆ ಮತ್ತೆ ಒತ್ತಿದ್ದನ್ನೂ ನೋಡಿರುತ್ತಾರೆ. ಮಾತು ಅಲ್ಲಿಂದ ಶುರುವಾದರೆ ಚೆನ್ನ. ಬೆರಳಚ್ಚನ್ನು ಹೀಗೆ ವಿಂಗಡಿಸಿ ಕಡತ ಮಾಡುವ ಕಚೇರಿ 1897ರಲ್ಲಿ ಕಲ್ಕತ್ತದಲ್ಲಿ ತೆರೆಯಿತು. ಆ ವಿಂಗಡಣೆಗೆ ಆಗ ಬಂಗಾಳದ ಪೊಲೀಸ್ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಹೆನ್ರಿಯ ಹೆಸರು ಬಂತು, ಅದರ ಲೆಕ್ಕಾಚಾರದಲ್ಲಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಪೊಲೀಸ್ ಅಧಿಕಾರಿಗಳು. ಹೆಬ್ಬೆಟ್ಟು ಎಂದರೆ ಓದುಬರಹ ಬಾರದವರ ಗುರುತು ಎಂದು ನಗುವ ಮಕ್ಕಳಿಗೆ ಇದನ್ನು ಹೇಳಬಹುದು.

ವಸ್ತುವಿನ ಮೇಲೆ ಕಾಣದಂತೆ ಬಿದ್ದ ಗುರುತನ್ನು ಪುಡಿ ಉದುರಿಸಿ ಎಬ್ಬಿಸುವುದು ಚಂದದ ಕೆಲಸ, ಆದರೆ ಮಕ್ಕಳ ಒಣ ಬೆರಳಿಗೆ ಸುಲಭವಾಗಿ ಏಳುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೆ ಬೆರಳನ್ನು ಒಮ್ಮೆ ಸವರಿ, ಹಳೆಯ ಸಿ.ಡಿ.ಯ ಹೊಳೆಯುವ ಬದಿಗೆ ಒತ್ತಲು ಹೇಳಿ. ಮೆತ್ತನೆಯ ಬ್ರಷ್ಷಿನ ತುದಿಯಲ್ಲಿ ಚಿಟಿಕೆ ಟಾಲ್ಕಂ ಪೌಡರ್ ಸಾಕು. ಹೆಚ್ಚಾದರೆ ಗೆರೆಯ ಸಂದಿ ತುಂಬಿ ಬಿಳಿ ಮಚ್ಚೆ ಮಾತ್ರ ಉಳಿಯುತ್ತದೆ. ಪುಡಿ ಮೂಗಿಗೆ ಹೋಗುವುದರಿಂದ ಇದು ಶಿಕ್ಷಕರ ಕೈಯಲ್ಲೇ ಇರಲಿ. ಇನ್ನೊಂದು ಮಾತು: ಕೆಲಸ ಮುಗಿದ ಮೇಲೆ ಗುರುತಿನ ಹಾಳೆಯನ್ನು ಆಯಾ ಮಗುವಿಗೇ ಕೊಟ್ಟುಬಿಡಿ. ಹೆಸರು ಬರೆದು ವಾಟ್ಸಾಪ್ ಗುಂಪಿಗೆ ಫೋಟೋ ಹಾಕಬೇಡಿ.

‘ಈ ಚೀಟಿ ಯಾವ ಪೆನ್ನಿನಲ್ಲಿ ಬರೆದದ್ದು?’ ಎಂಬ ಪ್ರಕರಣಕ್ಕೆ ಮೂರು ಬೇರೆ ಬೇರೆ ಕಂಪನಿಯ ಕಪ್ಪು ಸ್ಕೆಚ್ ಪೆನ್ ಬೇಕು. ಒತ್ತುಕಾಗದದ ಎರಡು ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ತುದಿಯಿಂದ ಎರಡು ಸೆಂಟಿಮೀಟರ್ ಮೇಲೆ ಚುಕ್ಕಿ ಇಡಿ, ಲೋಟದಲ್ಲಿ ಒಂದೇ ಸೆಂಟಿಮೀಟರ್ ನೀರು ಹಾಕಿ ನಿಲ್ಲಿಸಿ. ನೀರು ಏರುತ್ತ ಕಪ್ಪನ್ನು ನೀಲಿ, ಕೆಂಪು, ಹಳದಿಯಾಗಿ ಬಿಡಿಸುತ್ತದೆ. ಚುಕ್ಕಿಯೇ ನೀರಿನಲ್ಲಿ ಮುಳುಗಿದರೆ ಬಣ್ಣವೆಲ್ಲ ಲೋಟದ ಪಾಲು. ಪರ್ಮನೆಂಟ್ ಮಾರ್ಕರ್ ಅಲ್ಲಾಡುವುದಿಲ್ಲ. ಕೆಲವು ಕಪ್ಪು ಪೆನ್ನುಗಳು ಬಿಡಿಸಿಕೊಳ್ಳದೆ ಕಪ್ಪಾಗಿಯೇ ಏರುತ್ತವೆ, ಆದ್ದರಿಂದ ಹಿಂದಿನ ದಿನ ಮನೆಯಲ್ಲಿ ಮೂರನ್ನೂ ಪರೀಕ್ಷಿಸದೆ ಬರಬೇಡಿ.

ಬಿಳಿ ಪುಡಿಯ ಪ್ರಕರಣಕ್ಕೆ ಉಪ್ಪು, ಅಕ್ಕಿಹಿಟ್ಟು, ಅಡುಗೆ ಸೋಡಾ. ಚಿಟಿಕೆ ಪುಡಿಗೆ ಕಾಲು ಲೋಟ ನೀರು ಹಾಕಿ ಕಲಕಿದರೆ ಹಿಟ್ಟು ಬೆಳ್ಳಗೆ ಉಳಿಯುತ್ತದೆ, ಉಳಿದೆರಡು ಕರಗುತ್ತವೆ. ನಿಂಬೆರಸ ಬಿಟ್ಟರೆ ಸೋಡಾ ಬುಸುಗುಟ್ಟುತ್ತದೆ. ನಾಲ್ಕನೆಯ ಪುಡಿಯಾಗಿ ಸೀಮೆಸುಣ್ಣ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಕೆಲವು ಸೀಮೆಸುಣ್ಣ ಜಿಪ್ಸಮ್ಮಿನದು, ನಿಂಬೆಗೆ ಜಪ್ಪಯ್ಯ ಎಂದರೂ ನೊರೆ ಬರುವುದಿಲ್ಲ, ಕೆಲವು ಬುಸುಗುಟ್ಟುತ್ತವೆ. ರಂಗೋಲಿ ಪುಡಿಯದೂ ಇದೇ ಕಥೆ, ಯಾವ ಕಲ್ಲಿನದೋ ಅದರ ಮೇಲೆ. ಎಲೆಅಡಿಕೆಯ ಸುಣ್ಣವನ್ನು ಮಾತ್ರ ಹತ್ತಿರ ಬಿಡಬೇಡಿ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಯಾವ ಪುಡಿಯನ್ನೂ ನಾಲಿಗೆಗೆ ಮುಟ್ಟಿಸಬಾರದು, ಉಪ್ಪೆಂದು ಗೊತ್ತಿದ್ದರೂ. ಇದನ್ನು ಶುರುವಿಗೆ ಒಮ್ಮೆ ಹೇಳಿದರೆ ಸಾಲದು, ಪ್ರತಿ ಬಟ್ಟಲು ಕೊಡುವಾಗಲೂ ಹೇಳಬೇಕು.

ಏನೂ ಸಲಕರಣೆ ಇಲ್ಲದ ದಿನಕ್ಕೆ ಒಗಟುಗಳಿವೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದರೆ ಮಕ್ಕಳು ‘ಮಲ್ಲಿಗೆ’ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಅಲ್ಲಿಗೆ ಬಿಡಬೇಡಿ. ದಾಸವಾಳ ಯಾಕಲ್ಲ? ಮೊಸರಿಗೆ ಕೆಂಪು ಬಣ್ಣ ಇಲ್ಲ. ತೆಂಗಿನ ಹೂವು ಯಾಕಲ್ಲ? ಅದು ಗಿಡ ಅಲ್ಲ, ಮರ. ನಂದಿಬಟ್ಟಲು ಯಾಕಲ್ಲ? ಇಲ್ಲಿ ತರಗತಿ ಜಗಳಕ್ಕೆ ನಿಲ್ಲುತ್ತದೆ, ಯಾಕೆಂದರೆ ನಂದಿಬಟ್ಟಲೂ ಹೊಂದುತ್ತದೆ. ಹೊಂದಲಿ. ಸುಳಿವು ಸಾಲದಿದ್ದಾಗ ಇಬ್ಬರು ಉಳಿಯುತ್ತಾರೆ ಎಂದು ಹೇಳುವ ಧೈರ್ಯ ಶಿಕ್ಷಕರಿಗೆ ಇರಬೇಕು.

ನಮ್ಮನ್ನು ಕೇಳಿದರೆ, ಎಲ್ಲಕ್ಕಿಂತ ಒಳ್ಳೆಯ ಪ್ರಕರಣ ಶಾಲೆಯ ಕೈತೋಟದಲ್ಲಿದೆ, ಅದನ್ನು ನಾವು ಕಟ್ಟಬೇಕಾಗಿಯೂ ಇಲ್ಲ: ‘ಎಲೆ ತಿಂದದ್ದು ಯಾರು?’ ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಲ್ಲಿ ಕತ್ತರಿಸಿದಂತೆ ಅರ್ಧಚಂದ್ರಾಕಾರ ಹೋಗಿದ್ದರೆ ಅದು ಎಲೆ ಕತ್ತರಿಸುವ ಜೇನಿನ ಕೆಲಸ. ಅದು ತಿನ್ನಲಿಕ್ಕಲ್ಲ, ಗೂಡಿಗೆ. ನಿಂಬೆ ಎಲೆಯ ಮೇಲೆ ಬೆಳ್ಳಿಯ ಬಣ್ಣದ ವಕ್ರ ಗೆರೆ ಇದ್ದರೆ ಎಲೆಯ ಪದರದೊಳಗೇ ಸುರಂಗ ಕೊರೆಯುವ ಪುಟ್ಟ ಹುಳು. ಗೆರೆ ಒಂದು ಕಡೆ ಸಪೂರ, ಇನ್ನೊಂದು ಕಡೆ ಅಗಲ ಯಾಕಿದೆ ಎಂದು ಕೇಳಿ, ಉತ್ತರ ಹೇಳಬೇಡಿ. ಹುಳು ತಿನ್ನುತ್ತ ತಿನ್ನುತ್ತ ದಪ್ಪಗಾಯಿತು ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ.

ಅದೇ ನಿಂಬೆ ಗಿಡದಲ್ಲಿ ಅಥವಾ ಕರಿಬೇವಿನಲ್ಲಿ ಎಲೆಯ ಅಂಚು ತಿಂದು ಹೋಗಿದ್ದು, ಪಕ್ಕದಲ್ಲಿ ಹಕ್ಕಿ ಹಿಕ್ಕೆಯಂಥದ್ದು ಅಂಟಿಕೊಂಡಿದ್ದರೆ ಎಲ್ಲರೂ ಹಕ್ಕಿಯನ್ನೇ ದೂರುತ್ತಾರೆ. ಭೂತಗನ್ನಡಿ ಹಿಡಿದು ಐದು ನಿಮಿಷ ಕಾಯಲು ಹೇಳಿ. ಹಿಕ್ಕೆ ನಡೆಯುತ್ತದೆ! ಅದು ನಿಂಬೆ ಚಿಟ್ಟೆಯ ಎಳೆಯ ಕಂಬಳಿಹುಳು. ಹಕ್ಕಿಗಳ ಕಣ್ಣು ತಪ್ಪಿಸಲು ಆ ವೇಷ. ಬೆಳೆದ ಮೇಲೆ ಎಲೆಯಂತೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದನ್ನು ಹೊರಚಾಚಿ ಗಾಢ ವಾಸನೆ ಬಿಡುತ್ತದೆ. ಆ ರೆಂಬೆಗೆ ಒಂದು ಕೆಂಪು ದಾರ ಕಟ್ಟಿ. ನೋಟ್‌ಪುಸ್ತಕದ ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಕ್ಕೆ ‘ನೋಡಿದ್ದು’, ಬಲಕ್ಕೆ ‘ಅಂದುಕೊಂಡದ್ದು’ ಎಂದು ಬರೆಸಿ. ದಿನಕ್ಕೊಂದು ಸಾಲು, ಮೂರು ನಾಲ್ಕು ವಾರ. ನಡುವೆ ಒಂದು ದಿನ ಹುಳು ಕಾಣೆಯಾದರೆ ಗಿಡಕ್ಕೆ ಔಷಧಿ ಹೊಡೆದವರು ಯಾರೆಂದು ವಿಚಾರಿಸುವುದು ಆಮೇಲೆ. ಮೊದಲು ಸುತ್ತಲಿನ ಕಡ್ಡಿಗಳ ಕೆಳಬದಿ ನೋಡಲು ಹೇಳಿ, ಕೋಶ ಕಟ್ಟಿಕೊಳ್ಳಲು ಅದು ತಿಂದ ಎಲೆಯನ್ನು ಬಿಟ್ಟು ತುಸು ದೂರ ಹೋಗಿರುತ್ತದೆ.